ಶನಿವಾರದ ಒಂದು ಗೇಣು

ಫೋನು ಬಂದಾಗ ನಾನು ಮಾಳಿಗೆಯ ಮೇಲೆ ಕುರಡಗಿ ಸಂಡಿಗೆ ಒತ್ತುತ್ತಿದ್ದೆ. ಗೋಧಿಯ ಹಾಲು ಕುದಿಸಿ ಗಟ್ಟಿ ಮಾಡಿದ ಹಿಟ್ಟನ್ನು ಬಿಸಿ ಇರುವಾಗಲೇ ಸೋರ್ಯಾದ ತೂತಿನ ಅಚ್ಚಿನಲ್ಲಿ ತುಂಬಿ ಒತ್ತಬೇಕು. ಆರಿತೆಂದರೆ ಎಳೆ ಹರಿಯುತ್ತದೆ. ನಮ್ಮ ಮನೆಯವರ ಹಳೆಯ ಧೋತರ ಹಾಸಿ ನಾಲ್ಕು ಸಾಲು ಮುಗಿಸಿದ್ದೆ. ಎರಡೂ ಕೈ ಅಂಟಂಟಾಗಿದ್ದವು. ನೀರಿನ ತಂಬಿಗೆಯ ಮಗ್ಗುಲಲ್ಲಿ ಫೋನು ಒಂದೇ ಸಮನೆ ಒದರುತ್ತಿತ್ತು. ಹಿಟ್ಟು ತಾಗದೆ ಉಳಿದಿದ್ದ ಕಿರುಬೆರಳಿನಿಂದ ಅದರ ಗಾಜು ಸವರಿದೆ.

"ಭಾಗಾ, ಹಾಕ್ಯಾರ," ಎಂದರು ನನಗೆ ನೇಯ್ಗೆ ಕಲಿಸಿದ ರಿಬ್ಕಾಬಾಯಿ.

"ಏನ ಹಾಕ್ಯಾರ್ರಿ ಬಾಯಿ?"

"ಪರದಿ. ನಮ್ಮ ಪರದಿ ಗ್ವಾಡಿಗಿ ಹಾಕ್ಯಾರ. ಮೂಲ್ಯಾಗಲ್ಲ, ನಡುಗ್ವಾಡಿಗಿ. ಯಾಯೆಲ್ ಫೋಟೋ ಕಳಿಸ್ಯಾಳ. ಇನ್ನೊಂದು ಸುದ್ದಿ ಅದ... ತಡಿ, ನನಗ ಅಳು ಬರಾಕತ್ತದ. ಆಮ್ಯಾಲ ಮಾಡ್ತೀನಿ."

ಫೋನು ಇಟ್ಟೇಬಿಟ್ಟರು.

ಉಳಿದ ಹಿಟ್ಟನ್ನು ಹಾಗೇ ಬಿಡಲು ಬರುವುದಿಲ್ಲ. ಮತ್ತೊಂದು ಸಾಲು ಒತ್ತಿದೆ. ಅಷ್ಟರಲ್ಲಿ ಹಿಟ್ಟು ಆರಿ ಎಳೆ ಹರಿದು, ಕುರಡಗಿ ಗುಂಡಗೆ ಬೀಳದೆ ಕಾಗೆಯ ಗೂಡಿನಂತಾದವು. ಇರಲಿ, ಕರಿದ ಮೇಲೆ ರುಚಿ ಒಂದೇ. ಕೈ ತೊಳೆದುಕೊಂಡು ಅಕ್ಕಲಕೋಟೆ ಇರುವ ದಿಕ್ಕಿಗೆ ತಿರುಗಿ ಅಲ್ಲಿಯ ಸ್ವಾಮಿಗೆ ನಮಸ್ಕಾರ ಮಾಡಿದೆ. ಮಲಗುವ ಮುಂಚೆ ಆ ದಿನ ದೇವರು ಕೊಟ್ಟದ್ದನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಗ್ಯಾಸು ಇನ್ನೊಂದು ದಿನಕ್ಕೆ ಸಾಕಾಯಿತು, ಮೊಣಕಾಲು ಇವತ್ತು ನೋಯಲಿಲ್ಲ, ಇಂಥವೇ. ಅವತ್ತು ಮಾತ್ರ ಹಾಡುಹಗಲೇ ಒಂದು ಗೆಣ್ಣು ಮುಟ್ಟಿಕೊಂಡೆ.

ಆ ಪರದೆಯ ಕಥೆಯನ್ನು ಬರೆದಿಡಬೇಕೆಂದು ಅನ್ನಿಸಿದ್ದು ಆಗಲೇ. ನಮ್ಮ ಓಣಿಯ ಮೂವರು ಹುಡುಗಿಯರು ಈಗ ಗೋಡೆಪರದೆ ನೇಯುವುದನ್ನು ಕಲಿಯಲು ಹೋಗುತ್ತಿದ್ದಾರೆ. "ಕಾಕು, ನೀವು ಅಷ್ಟು ವರ್ಷ ಏನ ಮಾಡ್ತಿದ್ರಿ, ಹೇಳ್ರಿ," ಎನ್ನುತ್ತಾರೆ. ನಾನು ಏಳನೆಯ ಇಯತ್ತೆಯವರೆಗೆ ಕಲಿತದ್ದು ಕನ್ನಡ ಸಾಲಿಯಲ್ಲಿ, ಆದ್ದರಿಂದ ಕನ್ನಡದಲ್ಲೇ ಬರೆಯುತ್ತೇನೆ. ಅವರಿಗೆ ಕನ್ನಡ ಓದಲು ಬಾರದಿದ್ದರೆ ಅವರ ಆಯಿಗಳು ಓದಿ ಹೇಳಲಿ.

ನಾನು ಅಕ್ಕಲಕೋಟೆ ಕಡೆಯ ರೈತರ ಮನೆಯ ಮಗಳು. ಕೊಟ್ಟದ್ದು ಕಂದಲಗಾಂವಕ್ಕೆ. ನಮ್ಮ ಮನೆಯವರಿಗೆ ಬಸ್ಸು ದುರಸ್ತಿ ಮಾಡುವ ಕೆಲಸ ಸಿಕ್ಕಿದ್ದರಿಂದ ಸೊಲ್ಲಾಪುರಕ್ಕೆ ಬಂದು ಎರಡು ಖೋಲಿ ಹಿಡಿದೆವು. ಒಂದು ದಿನ ನಾನು ಹೊಲಿದ ಕೌದಿ ತೊಳೆದು ಹೊರಗೋಡೆಗೆ ಒಣಹಾಕಿದ್ದೆ. ಬಿಳಿ ಸೀರೆ, ದಪ್ಪ ಚಷ್ಮಾದ ಒಬ್ಬ ಬಾಯಿ ಅದರ ಮುಂದೆ ನಿಂತು, ತಲೆ ವಾರೆ ಮಾಡಿ ನೋಡುತ್ತಿದ್ದರು. ಕದಿಯಲು ಬಂದವರೋ ಏನೋ ಎಂದು ನಾನು ಹೊರಗೆ ಬಂದೆ.

"ಹೀ ಕುಣಾಚೀ?" ಎಂದು ಮರಾಠಿಯಲ್ಲಿ ಕೇಳಿದರು. ಯಾರದು ಇದು ಅಂತ.

"ನಂದ ಅದರಿ."

"ಈ ಕೆಂಪಿನ ಮಗ್ಗಲಿಗಿ ಈ ಹಸಿರು ಯಾಕ ಇಟ್ಟಿ?" ಎಂದು ಅವರೂ ಕನ್ನಡಕ್ಕೆ ಬಂದರು.

ಯಾಕೆಂದರೆ ಮನೆಯಲ್ಲಿ ಇದ್ದದ್ದೇ ಆ ಎರಡು ಹಳೆಯ ಸೀರೆ. ಆದರೆ ಹಾಗೆ ಹೇಳಲು ನಾಚಿಕೆಯಾಗಿ, "ಛಲೋ ಕಾಣ್ತದಂತರಿ," ಎಂದೆ. ಅವರು ನಕ್ಕು, "ನಾಳಿ ನಮ್ಮ ಮನಿಗಿ ಬಾ. ಮಗ್ಗ ಅದ," ಎಂದರು. ಇಪ್ಪತ್ತಾರು ವರ್ಷದ ನನ್ನ ಕೆಲಸ ಶುರುವಾದದ್ದು ಆ ಒಂದು ಸುಳ್ಳಿನಿಂದ. ದೇವರು ಅದನ್ನು ಮನ್ನಿಸಿರಬೇಕು.

ಅವರು ಯೆಹೂದಿಗಳು ಎಂದು ಆಮೇಲೆ ತಿಳಿಯಿತು. ಸೀರೆ ಉಟ್ಟು ಮರಾಠಿ ಮಾತಾಡುವ, ಕೊಂಕಣದ ಕಡೆಯ ಹಳೆಯ ಮನೆತನ. ತಂದೆ ರೈಲ್ವೆಯಲ್ಲಿದ್ದವರು, ನಿವೃತ್ತರಾಗಿ ಇಲ್ಲೇ ಉಳಿದರು. ಅಣ್ಣಂದಿರು ಇಸ್ರೇಲಿಗೆ ಹೋದರು, ತಂಗಿ ಠಾಣೆಗೆ ಮದುವೆಯಾಗಿ ಹೋದಳು. ರಿಬ್ಕಾಬಾಯಿ ಮುಂಬೈಯಲ್ಲಿ ಚಿತ್ರಕಲೆ ಕಲಿತು ತಿರುಗಿ ಬಂದು, ತಾಯಿಯನ್ನು ನೋಡಿಕೊಳ್ಳುತ್ತ, ಸಾಲಿಯಲ್ಲಿ ಡ್ರಾಯಿಂಗ್ ಕಲಿಸುತ್ತ ಮದುವೆಯಾಗದೆ ಉಳಿದರು. ಓಣಿಯವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರು. ಅವರ ಹಿರಿಯರು ಎಣ್ಣೆಗಾಣ ಆಡಿಸುತ್ತಿದ್ದರಂತೆ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರಂತೆ.

ನಮ್ಮ ಅತ್ತೆಗೆ ಇದೆಲ್ಲ ಗೊತ್ತಿರಲಿಲ್ಲ. "ಅವರ ಮನ್ಯಾಗ ದೇವರ ಅದಾನೇನ?" ಎಂಬುದೊಂದೇ ಅವರ ಪ್ರಶ್ನೆ. ಬಾಗಿಲಿನ ಚೌಕಟ್ಟಿಗೆ ವಾರೆಯಾಗಿ ಒಂದು ಸಣ್ಣ ಡಬ್ಬಿ ಬಡಿದಿದ್ದಾರೆ, ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತು ಕೊಡುತ್ತಾರೆ, ಒಳಗೆ ದೇವರ ಮಾತು ಬರೆದ ಚೀಟಿ ಇದೆಯಂತೆ ಎಂದು ಹೇಳಿದೆ. ಅತ್ತೆ ತಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, "ಮತ್ತ ಇದರಂಗ ಅಲಾ? ನಾವು ಕೊಳ್ಳಾಗ ಕಟ್ಟೀವಿ, ಅವರು ಬಾಗಲಿಗಿ ಕಟ್ಯಾರ. ಹೋಗು," ಎಂದರು. ಅಂಥ ಅತ್ತೆ ಸಿಕ್ಕದ್ದೂ ನನ್ನ ಪುಣ್ಯವೇ.

ಇನ್ನು ಕೆಲಸ. ಹುಡುಗಿಯರೇ, ನಿಂತ ಮಗ್ಗದಲ್ಲಿ ನಾವು ಪರದೆಯ ಬೆನ್ನ ಕಡೆ ಕೂತು ನೇಯುತ್ತೇವೆ. ಮುಖ ಆ ಕಡೆ ಇರುತ್ತದೆ, ನಮಗೆ ಕಾಣುವುದಿಲ್ಲ. ಹಾಸಿನ ಎಳೆಗಳ ಹಿಂದೆ ನಕ್ಷೆಯ ಕಾಗದ ಕಟ್ಟಿ, ಬಣ್ಣದ ನೂಲನ್ನು ಬೆರಳಿನಿಂದಲೇ ಹೊಗಿಸಿ, ಹಣಿಗೆಯಿಂದ ಬಡಿಯಬೇಕು. ನೂಲಿನ ತುದಿಯೆಲ್ಲ ನಮ್ಮ ಕಡೆ ಉಳಿಯಬೇಕು. ನಾನು ಮೊದಲನೆಯ ದಾಳಿಂಬೆ ನೇಯ್ದಾಗ ತುದಿಗಳನ್ನೆಲ್ಲ ಅಚ್ಚುಕಟ್ಟಾಗಿ ಆ ಕಡೆಗೆ ತಳ್ಳಿ, ನನ್ನ ಕಡೆ ನುಣುಪಾಗಿ ಇಟ್ಟೆ. ಹದಿನೈದು ದಿನದ ಕೆಲಸ. ರಿಬ್ಕಾಬಾಯಿ ಮಗ್ಗವನ್ನು ಸುತ್ತಿ ಮುಂದೆ ಹೋಗಿ ನೋಡಿದರು.

"ಭಾಗಾ, ಈ ದಾಳಿಂಬಿಗಿ ಗಡ್ಡಾ ಬಂದದ," ಎಂದರು. "ಬಿಚ್ಚು."

"ಎಲ್ಲಾನೂ ಏನ್ರಿ?"

"ಗಡ್ಡಾ ಅರ್ಧಾ ಬೋಳಸ್ತಾರೇನ?"

ಅಳುತ್ತ ಬಿಚ್ಚಿದೆ. ಸಿಟ್ಟಿನಲ್ಲಿ ಎಳೆದದ್ದಕ್ಕೆ ಹಾಸಿನ ಎಳೆ ಎರಡು ಹರಿದವು. ಆಗ ಅವರು ನನ್ನ ಮಗ್ಗುಲಲ್ಲಿ ಕೂತು, ನೂಲು ಬಿಚ್ಚುವುದು ಹೇಗೆ ಎಂದು ತೋರಿಸಿದರು. ಕತ್ತರಿ ಹಾಕಬಾರದು, ಬಂದ ದಾರಿಯಲ್ಲೇ ಒಂದೊಂದೇ ಎಳೆ ಹಿಂದಕ್ಕೆ ಕರೆದುಕೊಂಡು ಹೋಗಬೇಕು, ನೂಲಿಗೆ ನೋವಾಗಬಾರದು. ನೇಯುವುದನ್ನು ನಾನು ಆರು ತಿಂಗಳಲ್ಲಿ ಕಲಿತೆ, ಬಿಚ್ಚುವುದು ಕೈಗೆ ಹತ್ತಲು ಮೂರು ವರ್ಷ ಬೇಕಾಯಿತು. ಈ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಆ ದಾಳಿಂಬೆಯಿಂದ ನಮ್ಮ ಮನೆಯವರಿಗೆ ಒಂದು ಚೇಷ್ಟೆಯ ಮಾತು ಸಿಕ್ಕಿತು. ದಿನಾ ಸಂಜೆ ಕೆಲಸದಿಂದ ಬಂದು ಕೈಯ ಗ್ರೀಸು ತೊಳೆಯುತ್ತ, "ಏನವಾ, ನಿನ್ನ ದಾಳಿಂಬಿ ಹಣ್ಣಾತೇನ?" ಎನ್ನುತ್ತಿದ್ದರು. ನಾನು ಕೆಲಸ ಬಿಡುವ ದಿನದವರೆಗೂ ಕೇಳಿದರು.

ಮೊದಮೊದಲು ದಾಳಿಂಬೆ ಸಿಪ್ಪೆ, ಅರಿಶಿನದ ಬೇರು ಕುದಿಸಿ ನಾವೇ ಬಣ್ಣ ಹಾಕುತ್ತಿದ್ದೆವು. ಆಮೇಲೆ ಬಣ್ಣದ ನೂಲೇ ಬರತೊಡಗಿತು. ನಕ್ಷೆಯನ್ನು ಬಾಯಿ ಇದ್ದಿಲಿನಿಂದ ಬರೆಯುತ್ತಿದ್ದರು. ಕೈ ನಡುಗತೊಡಗಿದ ಮೇಲೆ ಸಣ್ಣದಾಗಿ ಬರೆದು, ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದರು. ಅಂಗಡಿಯವನು, "ಬಾಯಿ, ವಾಢದಿವಸ ಯಾರದು? ಫೋಟೋ ಎಲ್ಲಿ ಹಾಕೂದು?" ಎಂದು ಕೇಳಿದ. ನಮ್ಮೂರಿನಲ್ಲಿ ಫ್ಲೆಕ್ಸ್ ಎಂದರೆ ಯಾವುದೋ ನಾಯಕರ ಹುಟ್ಟುಹಬ್ಬವೇ ಇರಬೇಕಲ್ಲ. ಬಾಯಿ ಗಂಭೀರವಾಗಿ, "ದಾಳಿಂಬಿದು," ಎಂದರು.

ಶುಕ್ರವಾರ ಹೊತ್ತು ಇಳಿಯುವ ಮುಂಚೆ ಅವರು ದೀಪ ಹಚ್ಚುತ್ತಿದ್ದರು. ಗಾಜಿನ ಬಟ್ಟಲಿಗೆ ಕೊಬ್ಬರಿ ಎಣ್ಣೆ ಹಾಕಿ ಕೊಡುವುದು ನನ್ನ ಕೆಲಸ. ದೀಪ ಹಚ್ಚಿ, ಕಣ್ಣು ಮುಚ್ಚಿಕೊಂಡು ಏನೋ ಹೇಳಿ, "ಶಬ್ಬಾತ್ ಶಾಲೋಮ್, ಭಾಗಾ, ರವಿವಾರ ಬಾ," ಎನ್ನುತ್ತಿದ್ದರು. ಶನಿವಾರ ನನಗೂ ಸೂಟಿ. ಅವರು ಅಂದು ಏನೂ ಮಾಡುವುದಿಲ್ಲ ಎಂದಷ್ಟೇ ನನಗೆ ಗೊತ್ತು, ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ಅವರಾದರೋ ನನ್ನ ಗುರುವಾರವನ್ನು ನನಗಿಂತ ಚೆನ್ನಾಗಿ ನೆನಪಿಡುತ್ತಿದ್ದರು. ಅಂದು ನನ್ನ ಒಪ್ಪತ್ತು. ಅವರ ಅಡುಗೆಮನೆಯಲ್ಲಿ ಆ ದಿನ ಉಳ್ಳಾಗಡ್ಡಿ ಹೆಚ್ಚುತ್ತಿರಲಿಲ್ಲ. "ನಿನ್ನ ಮೂಗಿಗಿ ಯಾಕ ತ್ರಾಸ," ಎನ್ನುತ್ತಿದ್ದರು.

ಅವರ ದುಃಖ ಏನೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಊರಿನ ಪ್ರದರ್ಶನದಲ್ಲಿ ನಮ್ಮ ಪರದೆ ಇಟ್ಟರೆ ಜನ ಬಂದು, ಇದು ಚಾದರವೇ, ಟಾವೆಲ್ಲೇ, ತೊಳೆದರೆ ಬಣ್ಣ ಹೋಗುತ್ತದೆಯೇ ಎಂದು ಕೇಳುತ್ತಿದ್ದರು. ಮುಂಬೈಯ ಅಂಗಡಿಯವರು ನವಿಲು ನೇಯ್ದು ಕೊಡಿರಿ, ಪಾಲಕಿ ನೇಯ್ದು ಕೊಡಿರಿ ಎನ್ನುತ್ತಿದ್ದರು. ಅವರ ಜನರ ಪ್ರಾರ್ಥನಾ ಮಂದಿರಗಳಲ್ಲಿ ಹೊರದೇಶದಿಂದ ಬಂದ ಮಖಮಲ್ಲಿನ ಪರದೆಗಳು ತೂಗುತ್ತಿದ್ದವು. ಬಾಯಿ ತಮ್ಮ ದೇವರನ್ನೂ ತಮ್ಮ ಕೊಂಕಣದ ಅಜ್ಜಿಯಂದಿರನ್ನೂ ಸೊಲ್ಲಾಪುರದ ನೂಲಿನಲ್ಲಿ ನೇಯುತ್ತಿದ್ದರು. ಅದನ್ನು ನೋಡಿ, "ಹೌದು, ಇದು ನಮ್ಮದು" ಎನ್ನುವ ಒಬ್ಬರೂ ಹತ್ತಿರ ಇರಲಿಲ್ಲ. ಮುಗಿದ ಪರದೆಗಳನ್ನು ಬೇವಿನ ಎಲೆ ಹಾಕಿ ಸುತ್ತಿ ಟ್ರಂಕಿನಲ್ಲಿ ಇಡುತ್ತಿದ್ದೆವು.

"ನಾನು ಸತ್ತ ಮ್ಯಾಲ ಇವನ್ನ ಕೌದಿ ಹೊಲಕೋ," ಎಂದರು ಒಮ್ಮೆ. ನಗುತ್ತಲೇ ಹೇಳಿದರು. ನಾನು ಟ್ರಂಕಿಗೆ ಇನ್ನೊಂದು ಹಿಡಿ ಬೇವಿನ ಎಲೆ ಹಾಕಿದೆ.

ಹೀಗಿರುವಾಗ ಅವರ ತಂಗಿಯ ಮಗಳು ಯಾಯೆಲ್ ಠಾಣೆಯಿಂದ ಫೋನು ಮಾಡಿದಳು. ಮುಂಬೈಯಲ್ಲಿ ಯೆಹೂದಿ ಕಲಾವಿದರು ಒಂದು ಬಳಗ ಕಟ್ಟಿಕೊಂಡಿದ್ದಾರೆ, ಚಿತ್ರ ಬರೆಯುವವರು, ಮಣ್ಣಿನ ಕೆಲಸದವರು, ಹಾಡುವವರು ಎಲ್ಲರೂ ಇದ್ದಾರೆ, ತಿಂಗಳಿಗೊಮ್ಮೆ ಕೂಡುತ್ತಾರೆ, ಈಗ ಮೊದಲ ಸಲ ಎಲ್ಲರ ಕೆಲಸ ಸೇರಿಸಿ ಪ್ರದರ್ಶನ ಮಾಡುತ್ತಿದ್ದಾರೆ ಎಂದಳು. ಹೊಸದಾಗಿ ಮಾಡಿದ ಒಂದು ಕೆಲಸ ಕಳಿಸಬೇಕು, ಮೂರು ತಿಂಗಳೊಳಗೆ, ಅವರು ಗೊತ್ತುಮಾಡಿದ ಸೋಮವಾರ ಮುಂಜಾನೆ ಅವರ ಕೈಗೆ ಮುಟ್ಟಬೇಕು. ಆರಿಸಿದರೆ ಬಳಗಕ್ಕೂ ಸೇರಿಸಿಕೊಳ್ಳುತ್ತಾರೆ.

"ಮಾವಶಿ, ನಿಮ್ಮಂಥವರಿಗೇ ಇದು," ಎಂದಳು ಯಾಯೆಲ್.

ಫೋನು ಇಟ್ಟ ಮೇಲೆ ಬಾಯಿ ಚಹಾ ಕುಡಿಯುವುದನ್ನು ಮರೆತು ಕೂತರು. "ನನಗ ಅರವತ್ತೆಂಟು ವರ್ಷ ಆದ್ವು, ಭಾಗಾ. ಮುಂಜಿಗಿ ಕರದಂಗ ಈಗ ಕರ್ಯಾಕತ್ತಾರ."

"ಕರದಾರಲ್ಲರಿ, ಹೋಗೂಣು," ಎಂದೆ.

ಮಲೀದಾದ ತಾಟನ್ನು ನೇಯಬೇಕೆಂದು ನಿರ್ಧಾರವಾಯಿತು. ಮಲೀದಾ ಎಂದರೆ ಅವರ ಹರಕೆಯ ನೈವೇದ್ಯ: ನೆನೆಸಿದ ಅವಲಕ್ಕಿ, ಸಕ್ಕರೆ, ಕೊಬ್ಬರಿ ತುರಿ, ಹಣ್ಣುಗಳು. ಏಲಿಯಾಹು ಪ್ರವಾದಿಯ ಹೆಸರಿನಲ್ಲಿ ಇಡುತ್ತಾರೆ. ಆತ ಬೆಂಕಿಯ ರಥ ಹತ್ತಿ ಆಕಾಶಕ್ಕೆ ಹೋದವನಂತೆ, ಹೋಗುವಾಗ ರಥದ ಗಾಲಿ ಕೊಂಕಣದ ಒಂದು ಬಂಡೆಗೆ ತಾಗಿತಂತೆ.

"ಕೊಂಕಣದ ತನಕಾ ಬಂದವರು ಸೊಲ್ಲಾಪುರಕ್ಕ ಯಾಕ ಬರಲಿಲ್ಲರಿ?" ಎಂದು ಕೇಳಿದೆ.

"ಬೆಂಕಿ ರಥದವರೇ ನಮ್ಮೂರ ಬಿಸಿಲಿಗಿ ಹೆದರಿದ್ರು," ಎಂದರು ಬಾಯಿ.

ಕೆಳಗೆ ತಾಟು, ಅದರ ಮೇಲೆ ಆಕಾಶ, ತುದಿಗೆ ಕೆಂಪು ಅಂಚು. ಎರಡೂವರೆ ತಿಂಗಳು ಇಬ್ಬರೂ ಕೂತು ನೇಯ್ದೆವು. ಅಷ್ಟು ಖುಷಿಯಿಂದ ಬಾಯಿ ನೇಯ್ದದ್ದನ್ನು ನಾನು ನೋಡಿರಲಿಲ್ಲ. ಅವಲಕ್ಕಿಯ ಒಂದೊಂದು ಕಾಳಿಗೆ ಬಿಳಿಯಲ್ಲೇ ನಾಲ್ಕು ಬಣ್ಣ ಹಾಕಿಸಿದರು. ಪರದೆ ಹೊತ್ತಿಗೆ ಸರಿಯಾಗಿ ಮುಂಬೈಗೆ ಮುಟ್ಟಿದರೆ ನಡೆದುಕೊಂಡು ಅಕ್ಕಲಕೋಟೆಗೆ ಬರುತ್ತೇನೆ ಎಂದು ನಾನು ಸ್ವಾಮಿಗೆ ಹರಕೆ ಹೊತ್ತೆ. ಅವರ ಪ್ರವಾದಿಯ ಕೆಲಸಕ್ಕೆ ನಮ್ಮ ಸ್ವಾಮಿಯ ಹರಕೆ. ಮೇಲೆ ಅವರವರು ಮಾತಾಡಿಕೊಳ್ಳಲಿ ಅಂದುಕೊಂಡೆ.

ಕೊನೆಯ ವಾರ ಬಾಯಿಗೆ ಜ್ವರ ಬಂತು. ಶುಕ್ರವಾರ ಮಧ್ಯಾಹ್ನ ಏಳಲಾಗದೆ ಹೋದಾಗ ನಾನೂ ನಮ್ಮ ಮನೆಯವರೂ ರಿಕ್ಷಾದಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆವು. ಸಲೈನ್ ಹಚ್ಚಿ ಎರಡು ದಿನ ಇಟ್ಟುಕೊಳ್ಳುತ್ತೇವೆ ಎಂದರು. ಮನೆಯ ಕೀಲಿ ನನ್ನ ಕೈಗೆ ಕೊಟ್ಟು, "ದೀಪಾ ಹಚ್ಚಲಿಲ್ಲಲಾ ಇವತ್ತ," ಎಂದಷ್ಟೇ ಹೇಳಿ ಬಾಯಿ ಕಣ್ಣು ಮುಚ್ಚಿದರು.

ಪರದೆಯಲ್ಲಿ ಒಂದು ಗೇಣು ಆಕಾಶ, ಅದರ ಮೇಲಿನ ಅಂಚು ಉಳಿದಿತ್ತು. ರವಿವಾರ ಒಂದೇ ದಿನದಲ್ಲಿ ಎರಡೂ ಆಗುವಂತಿರಲಿಲ್ಲ. ರವಿವಾರದ ಗಾಡಿಗೆ ಪರದೆ ಹೋಗಲೇಬೇಕು. ನಾನು ಮನೆಗೆ ಬಂದು ರೊಟ್ಟಿ ಬಡಿಯುತ್ತ ಯೋಚನೆ ಮಾಡಿದೆ. ಶನಿವಾರ ಅವರಿಗೆ, ನನಗಲ್ಲ. ನಾನು ಹಿಂದೂ. ನನ್ನ ಕೈಗೆ ಯಾರ ಅಡ್ಡಿ?

ಶನಿವಾರ ಮುಂಜಾನೆ ಸ್ನಾನ ಮಾಡಿ, ಸ್ವಾಮಿಯ ಫೋಟೋಕ್ಕೆ ಊದುಬತ್ತಿ ಹಚ್ಚಿ, ಹೋಗಿ ಕೀಲಿ ತೆಗೆದು ಕೂತೆ. ಅಷ್ಟು ಚೆಂದದ ಕೆಲಸ ನನ್ನ ಕೈಯಿಂದ ಎಂದೂ ಆಗಿರಲಿಲ್ಲ. ನಸುಕಿನ ನೀಲಿಯಿಂದ ಮಧ್ಯಾಹ್ನದ ಬಿಳಿಯವರೆಗೆ ಒಂದು ಗೇಣು ಆಕಾಶ, ಎಲ್ಲಿಯೂ ಗಂಟು ಕಾಣದ ಹಾಗೆ. ಹೊತ್ತು ಮುಳುಗುವಾಗ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡೆ. ಬಾಯಿ ನೋಡಿದರೆ ಜ್ವರವೇ ಬಿಟ್ಟುಹೋಗುತ್ತದೆ ಎಂದುಕೊಂಡೆ.

ರವಿವಾರ ಬೆಳಿಗ್ಗೆ ಅವರನ್ನು ಮನೆಗೆ ಕರೆತಂದೆವು. ಬಾಗಿಲ ಡಬ್ಬಿಯನ್ನು ಮುಟ್ಟಿ, ಗೋಡೆ ಹಿಡಿದುಕೊಂಡೇ ಮಗ್ಗದ ಖೋಲಿಗೆ ಹೋದರು. ಮುಂದಿನ ಕಡೆಯಿಂದ ನೋಡಿದರು. ಮುಖ ಅರಳಿತು. ಹತ್ತಿರ ಹೋಗಿ ಆಕಾಶದ ಮೇಲೆ ಅಂಗೈ ಇಟ್ಟರು. ಆಮೇಲೆ ಆ ಕೈ ಅಲ್ಲೇ ನಿಂತಿತು.

"ಭಾಗಾ, ಶುಕ್ರವಾರ ನನ್ನ ದವಾಖಾನಿಗಿ ಬಿಟ್ಟು ಬಂದು ನೇದೇನ ಇದನ್ನ?"

ಆ ಪ್ರಶ್ನೆಯಲ್ಲಿ ಎಷ್ಟು ಆಸೆ ಇತ್ತು ಎಂದು ನಿಮಗೆ ಹೇಗೆ ಹೇಳಲಿ. ನಾನು 'ಹೂಂ' ಎಂದರೆ ಮುಗಿದುಹೋಗುತ್ತಿತ್ತು. ನೋಡಿದವರು ಯಾರೂ ಇಲ್ಲ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಕೌದಿಯ ದಿನ ಸಲೀಸಾಗಿ ಬಂದ ಸುಳ್ಳು ಅವತ್ತು ಬರಲಿಲ್ಲ.

"ಇಲ್ಲರಿ ಬಾಯಿ. ನಿನ್ನಿ ನೇದೀನಿ. ಶನಿವಾರ."

ಅವರು ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನಾನು ನಿಮ್ಮವರಲ್ಲಲ್ಲರಿ. ನನಗ ನಡೀತದಂತ..."

"ನೀನು ನೇದದ್ದು ಯಾರ ಸಲುವಾಗಿ?"

"ನಿಮ್ಮ ಸಲುವಾಗಿ."

"ಅದಕ್ಕ," ಎಂದರು. "ಶನಿವಾರ ನನ್ನ ಸಲುವಾಗಿ ಯಾರೂ ದುಡೀಬಾರದು. ಮನ್ಯಾಗಿನ ಆಳು ದುಡೀಬಾರದು, ಬಂದ ಪಾವಣ್ಯಾರು ದುಡೀಬಾರದು. ನಮ್ಮಜ್ಜನ ಗಾಣದ ಎತ್ತಿಗಿ ಸುದ್ದಾ ಅವತ್ತ ಸೂಟಿ ಇತ್ತು. ಎತ್ತಿಗಿ ಸೂಟಿ ಕೊಟ್ಟವರು ನಾವು, ನಿನ್ನ ದುಡಿಸಿಕೊಂಡು ಆ ಪರದಿ ದೇವರ ಹೆಸರಿಲೆ ಹ್ಯಾಂಗ ಹಾಕೂದು?"

ಎತ್ತು ಎಂಬ ಮಾತು ಕೇಳಿದ ಕೂಡಲೇ ನನಗೆ ನಮ್ಮಪ್ಪ ನೆನಪಾದ. ಸೋಮವಾರ ನಮ್ಮೂರಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಒಂದು ವರ್ಷ ಮಳೆಯಾಗಿ, ಬಿತ್ತನೆಗೆ ಹದ ಬಂದು, ಮರುದಿನ ಸೋಮವಾರವಾಯಿತು. ನಮ್ಮ ಕಾಕಾ ತನ್ನ ಎತ್ತು ಬಿಟ್ಟು, ಬೇರೆ ಊರಿನ ಬಾಡಿಗೆ ಎತ್ತು ಹೊಡೆದುಕೊಂಡು ಬಂದ. ನಮ್ಮ ಎತ್ತಲ್ಲವಲ್ಲ ಎಂಬುದು ಅವನ ವಾದ. ನಮ್ಮಪ್ಪ ಹೊಲದ ದಾರಿಗೆ ಅಡ್ಡ ನಿಂತು, "ಎತ್ತ ಯಾರದರೆ ಇರಲಿ, ಹೊಲಾ ನಮ್ಮದಲ್ಲೇನ?" ಎಂದಿದ್ದ. ನಾನು ಸಣ್ಣವಳು, ಬುತ್ತಿ ಹೊತ್ತು ಅಲ್ಲೇ ನಿಂತು ಕೇಳಿದ್ದೆ. ಅಷ್ಟು ವರ್ಷದ ಮೇಲೆ ನಮ್ಮ ಕಾಕಾನ ಕೆಲಸವನ್ನೇ ನಾನು ಮಾಡಿದ್ದೆ.

"ಬಿಚ್ಚತೀನ್ರಿ," ಎಂದೆ.

"ಬಿಚ್ಚಿದರ ಇವತ್ತ ಮುಗ್ಯಾಂಗಿಲ್ಲ, ಭಾಗಾ."

"ಗೊತ್ತದರಿ."

ಮಗ್ಗದ ಮುಂದೆ ಕೂತೆ. ಮೂರು ವರ್ಷ ಕಲಿತ ವಿದ್ಯೆ ಅವತ್ತು ಉಪಯೋಗಕ್ಕೆ ಬಂತು. ಕತ್ತರಿ ಮುಟ್ಟಲಿಲ್ಲ. ನಿನ್ನೆ ಬಂದ ದಾರಿಯಲ್ಲೇ ಒಂದೊಂದು ಎಳೆ ಹಿಂದಕ್ಕೆ ಕರೆದೆ. ಬಿಳಿ ಹೋಯಿತು, ನೀಲಿ ಹೋಯಿತು. ಬಾಯಿ ಎದುರಿಗೆ ಕೂತು, ಬಿಚ್ಚಿದ ನೂಲನ್ನು ಬಣ್ಣಬಣ್ಣ ಬೇರೆ ಮಾಡಿ ಉಂಡೆ ಸುತ್ತಿದರು. ಜ್ವರದ ಕೈಯಲ್ಲಿ ಉಂಡೆ ಸಡಿಲಾಗಿ ಬರುತ್ತಿತ್ತು. ನಮ್ಮ ಮನೆಯವರು ಯಾರೂ ಹೇಳದೆಯೇ ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಮೂವರೂ ಹಾಗೇ ಕುಡಿದೆವು.

ಮಧ್ಯಾಹ್ನಕ್ಕೆ ಒಂದು ಗೇಣು ಪೂರ್ತಿ ಬಿಚ್ಚಿತು. ಹಾಸಿನ ಎಳೆಗಳು ಬರಿದಾಗಿ ನಿಂತವು. ಕಿಟಕಿಯ ಬಿಸಿಲು ಅವುಗಳ ನಡುವೆ ಹಾದು ನೆಲಕ್ಕೆ ಬಿತ್ತು. ಬಾಯಿ ಬಹಳ ಹೊತ್ತು ಅದನ್ನೇ ನೋಡಿದರು.

"ಅಂಚು ನೇಯಾಕ ಎಷ್ಟ ಹೊತ್ತು ಬೇಕು?"

"ಸಂಜೀತನಕಾ ಆಗ್ತದರಿ. ಆದರ ನಡುವ ಇದು...?"

"ಇದು ಹಿಂಗ ಇರಲಿ. ಇದರ ಮ್ಯಾಲ ಅಂಚು ಕಟ್ಟು. ಶನಿವಾರ ಏನೂ ಮಾಡಲಿಲ್ಲ ಅಂದಮ್ಯಾಲ, ಏನೂ ಮಾಡದೇ ಇದ್ದದ್ದೂ ಕಾಣಲಿ."

ನನಗೆ ಸಮಾಧಾನವಾಗಲಿಲ್ಲ. ನೇಯುವವರಿಗೆ ಬರಿ ಎಳೆ ಎಂದರೆ ಹರಿದ ಸೀರೆ ಉಟ್ಟು ಬೀಗರ ಮುಂದೆ ನಿಂತ ಹಾಗೆ. ಆದರೂ ಕಟ್ಟಿದೆ. ಕೆಂಪು ಅಂಚು ಮುಗಿಸಿ, ಗಂಟು ಬಿಗಿದು, ಮಗ್ಗದಿಂದ ಇಳಿಸಿದೆವು. ಫೋನಿನಲ್ಲಿ ಯಾಯೆಲ್ ಫಾರಂ ತುಂಬಿಸಿಕೊಳ್ಳುತ್ತಿದ್ದಳು. ಕಲಾವಿದರ ಹೆಸರು ಎಂಬಲ್ಲಿ ಬಾಯಿ ಎರಡು ಹೆಸರು ಹೇಳಿದರು.

"ಮಾವಶಿ, ಒಂದೇ ಹೆಸರಿಗೆ ಜಾಗ ಅದ. ಅದೂ ಅಲ್ಲದೆ ಇದು ಯೆಹೂದಿ ಕಲಾವಿದರಿಗೆ..."

"ಹಂಗಾರ ಸಣ್ಣ ಅಕ್ಷರದಾಗ ಬರಿ, ಎರಡೂ ಹಿಡೀತಾವ," ಎಂದು ಬಾಯಿ ಫೋನು ಇಟ್ಟರು. ಒಂದು ಕಾಗದದಲ್ಲಿ ಆ ಗೇಣು ಯಾಕೆ ಬರಿದು ಎಂದು ಮರಾಠಿಯಲ್ಲಿ ನಾಲ್ಕು ಸಾಲು ಬರೆದು, ಪರದೆಯ ಒಳಗೆ ಇಟ್ಟರು. ನಾನು ತಪ್ಪು ಮಾಡಿದೆ ಎಂದು ಅದರಲ್ಲಿ ಇರಲಿಲ್ಲ. 'ನನ್ನ ಗೆಳತಿ ಶನಿವಾರ ನೇಯ್ದಳು, ರವಿವಾರ ಬಿಚ್ಚಿದಳು' ಎಂದಷ್ಟೇ ಇತ್ತು.

ಪರದೆಯನ್ನು ಮುಂಬೈಗೆ ಒಯ್ದವರು ನಮ್ಮ ಮನೆಯವರು. ಜನರಲ್ ಡಬ್ಬಿಯಲ್ಲಿ ಊರು ಮುಟ್ಟುವವರೆಗೆ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದರಂತೆ. "ನೆಲಕ್ಕ ಇಡಾಕ ಮನಸ್ಸಾಗಲಿಲ್ಲ. ಹಣ್ಣಾದ ದಾಳಿಂಬಿ," ಎಂದರು ತಿರುಗಿ ಬಂದು.

ಆಮೇಲೆ ಏನೂ ಸುದ್ದಿ ಬರಲಿಲ್ಲ. ನಾನು ನಡೆದುಹೋಗಿ ಹರಕೆ ತೀರಿಸಿದೆ. ಪರದೆ ಮುಟ್ಟಿದರೆ ಎಂದಿದ್ದೆ, ಆರಿಸಿದರೆ ಎಂದಿರಲಿಲ್ಲ. ಪ್ರದರ್ಶನ ಮುಂದಕ್ಕೆ ಹೋಯಿತು ಎಂದಳು ಯಾಯೆಲ್. ಬರಿ ಎಳೆ ನೋಡಿ ಅರ್ಧಮರ್ಧ ಕೆಲಸ ಎಂದುಕೊಂಡಿರಬೇಕು ಎಂದು ನಾನು ಒಳಗೊಳಗೇ ಕೊರಗಿದೆ. ಅಷ್ಟರಲ್ಲಿ ನನ್ನ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂತು. ಆಪರೇಷನ್ ಆದ ಮೇಲೆ ದೂರದ್ದು ಕಂಡರೂ ಬಿಳಿಯೊಳಗಿನ ನಾಲ್ಕು ಬಣ್ಣ ಮಾತ್ರ ಕಾಣದಾದವು. ಒಂಟಿಯಾಗಿ ಕೂಡಲು ಮನಸ್ಸಾಗದೆ ಬಾಯಿಯೂ ನೇಯುವುದನ್ನು ಬಿಟ್ಟರು. ಗುರುವಾರಕ್ಕೊಮ್ಮೆ ನಾನು ಹೋಗುತ್ತಿದ್ದೆ. ಇಬ್ಬರೂ ಚಹಾ ಕುಡಿಯುತ್ತಿದ್ದೆವು, ನಾನು ಬರಿದಾದ ಮಗ್ಗದ ಧೂಳು ಒರೆಸಿ ಬರುತ್ತಿದ್ದೆ. ನನ್ನ ಕೆಲಸ ಮುಗಿದದ್ದು ಹೀಗೆ. ಹಾರ ಇಲ್ಲ, ಭಾಷಣ ಇಲ್ಲ. ಅವರು ನನಗೆ ನನ್ನ ಹಣಿಗೆಯನ್ನು ಕೊಟ್ಟರು. ಈಗಲೂ ದೇವರ ಮಾಡದಲ್ಲಿ ಇದೆ.

ಅವತ್ತು ಕುರಡಗಿಯ ಮಗ್ಗುಲು ಬದಲಿಸುತ್ತಿರುವಾಗ ಮತ್ತೆ ಫೋನು ಬಂತು. ಬಾಯಿಯ ಅಳು ನಿಂತಿತ್ತು, ಮೂಗು ಮಾತ್ರ ಕಟ್ಟಿತ್ತು.

"ಕೇಳು ಭಾಗಾ. ಪರದಿ ಮುಂದ ಎಲ್ಲಾರೂ ನಿಂತಿದ್ರಂತ. ಆ ಬರಿ ಜಾಗಾದ ಮುಂದ ಒಬ್ಬ ಮುದುಕರು, ಬಂಗಾರದ ಅಕ್ಷರ ಬರಿಯೋರಂತ, ಟೊಪಗಿ ಹಾಕ್ಕೊಂಡು ಕೈ ಮುಗದ್ರಂತ. ಬಳಗಕ್ಕ ನನ್ನ ತಗೊಂಡಾರ."

"ಸ್ವಾಮೀ," ಎಂದೆ. ಇನ್ನೊಂದು ಗೆಣ್ಣು ಮುಟ್ಟಿಕೊಂಡೆ.

"ಇನ್ನಾ ಅದ. ನೀವು ಮುಂಬೈಗಿ ಬರಾಕ ಆಗಲಿಕ್ಕರ ನಾವೇ ಬರ್ತೀವಿ ಅಂದಾರ. ಈ ತಿಂಗಳ ಕೂಟ ನಮ್ಮ ಮನ್ಯಾಗ, ಮಗ್ಗದ ಮುಂದ. ಹನ್ನೊಂದು ಮಂದಿ." ಅವರ ದನಿ ಸಣ್ಣದಾಯಿತು. "ಹತ್ತ ಮಂದಿ ಕೂಡಿದರ ಮಾಡೂ ಪ್ರಾರ್ಥನಿ ಒಂದದ ನಮ್ಮದು. ಅಪ್ಪ ಇರೂತನಕಾ ಈ ಮನ್ಯಾಗ ಎಣಸ್ತಿದ್ದ. ಮನಿಯವರು, ಪಾವಣ್ಯಾರು, ಎಲ್ಲಾ ಸೇರಿ ಏಳಕ್ಕ ನಿಲ್ತಿತ್ತು."

"ಈಗ ಹನ್ನೊಂದರಿ."

"ಈಗ ಹನ್ನೊಂದು. ಮಲೀದಾ ಇಡಬೇಕು. ನನ್ನ ಕೈಲೆ ಕಾಯಿ ತುರ್ಯಾಕ ಆಗಾಂಗಿಲ್ಲ, ನೀ ಬರಬೇಕು. ಹೆದರಬ್ಯಾಡ, ರವಿವಾರ ಬರ್ತಾರ. ಶನಿವಾರ ಅಲ್ಲ, ನಿನ್ನ ಗುರುವಾರಾನೂ ಅಲ್ಲ."

"ಎಷ್ಟ ಕಾಯಿ ತರಲ್ರಿ?"

"ಐದು. ಮತ್ತ ದಾಳಿಂಬಿ. ಗಡ್ಡಾ ಇರಲಾರದ್ದು ನೋಡಿ ತಾ."

ಇಬ್ಬರೂ ನಕ್ಕೆವು. ಕೆಳಗಿನಿಂದ ನಮ್ಮ ಮನೆಯವರು, "ಏನಾತ, ಯಾಕ ಒಬ್ಬಾಕಿ ನಗಾಕತ್ತಿ?" ಎಂದು ಕೂಗಿದರು. "ಹಣ್ಣಾತು," ಎಂದು ಕೂಗಿ ಹೇಳಿದೆ. ಅವರಿಗೆ ತಿಳಿಯಿತೋ ಇಲ್ಲವೋ, ಮೆಟ್ಟಿಲು ಹತ್ತಿ ಬರುವ ಸಪ್ಪಳ ಕೇಳಿಸಿತು.

ಬಿಸಿಲು ನೆತ್ತಿಗೆ ಬಂದಿತ್ತು. ಸೋರ್ಯಾದ ತೂತುಗಳಲ್ಲಿ ಹಿಟ್ಟು ಒಣಗಿ ಕಲ್ಲಾಗಿ ಕೂತಿತ್ತು. ಅದನ್ನು ನೆನೆಹಾಕಲು ಬಿಸಿನೀರು ಬೇಕಲ್ಲ ಎಂದು ಕೆಳಗಿಳಿದೆ.